ನಮ್ಮ ಬಂದೂಕಿನ ಬೋಲ್ಟ್ ಒಡ್ವಾರ್ ಮನೆಯಲ್ಲಿದೆ

ಮಾಜಿ ಯೋಧರ ಮನೋಆರೋಗ್ಯ ವಿಭಾಗದ ಮುಖ್ಯಸ್ಥರೇ,

ನನಗೆ ಭಯವಾಗುತ್ತಿದೆ. ಮಾನ್ಯರೇ ಎಂದು ತಲೆಬಾಗಿ, ಕುಶಲ ವಿಚಾರಿಸಿ, ಆಮೇಲೆ ವಿಷಯಕ್ಕೆ ಬರುವ ವ್ಯವಧಾನ ನನ್ನಲ್ಲಿ ಉಳಿದಿಲ್ಲ. ನನ್ನ ಗಂಡ ಟೋರ್ಗೈರ್ ನಮ್ಮ ಸೈನ್ಯದ ನೆಲಬಾಂಬ್ ಹುಡುಕುವ ದಳದಲ್ಲಿ ಅಫ್ಘಾನಿಸ್ತಾನಕ್ಕೆ ಹೋಗಿ ಬಂದವನು. ಅವನು ನಮ್ಮ ಕೈತಪ್ಪಿ ಹೋಗುತ್ತಿದ್ದಾನೆ, ಏನಾದರೂ ಮಾಡಿ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಫೋನೆತ್ತಿದ ಹೆಣ್ಣುಮಗಳು ಬಹಳ ನಯವಾಗಿಯೇ ಮಾತಾಡಿದಳು. ಸಹಾಯ ಬೇಕಾದವರು ತಾವೇ ಕರೆ ಮಾಡಬೇಕಂತೆ, ಹೆಂಡತಿ ಮಾಡಿದರೆ ಲೆಕ್ಕಕ್ಕಿಲ್ಲವಂತೆ. "ಅವರು ತಾವಾಗಿಯೇ ಕೇಳ್ಬೇಕು, ನೋಡಿ. ನಾವು ಯಾರನ್ನೂ ಒತ್ತಾಯ ಮಾಡೋದಿಲ್ಲ," ಎಂದಳು. ಎಂಥ ಸಭ್ಯತೆ! ಅವನನ್ನು ಯುದ್ಧಕ್ಕೆ ಕಳಿಸುವ ಮುಂಚೆ ನಿಮ್ಮ ಅಧಿಕಾರಿಗಳಿಬ್ಬರು ನನ್ನ ಅಡುಗೆಮನೆಯಲ್ಲೇ ಕೂತು, ನಾನು ಮಾಡಿದ ದೋಸೆಯಂಥ ವಾಫೆಲ್ ತಿಂದು, ಯೋಧನಿಗೆ ಕುಟುಂಬದ ಬೆಂಬಲ ಎಷ್ಟು ಮುಖ್ಯವೆಂದು ನನಗೆ ಪಾಠ ಹೇಳಿ ಹೋಗಿದ್ದರು. ಆಗ ಮಾತ್ರ ನಾನು ಲೆಕ್ಕಕ್ಕಿದ್ದೆ.

ನನ್ನ ಭಯಕ್ಕೆ ಪುರಾವೆ ಬೇಕೇ? ಹೋದ ಶರತ್ಕಾಲದಲ್ಲಿ ಅವನೂ ನಮ್ಮ ಮಗಳು ಸಿನ್ನೆಯೂ ಮನೆಯ ಹಿಂದಿನ ಕಾಡಿಗೆ ಕೆಂಪು ಹಣ್ಣು ಆರಿಸಲು ಹೋದರು. ಅವನು ಹುಟ್ಟಿ ಬೆಳೆದ ಕಾಡು ಅದು, ಅಲ್ಲಿನ ಕಲ್ಲುಕಲ್ಲೂ ಅವನಿಗೆ ಗೊತ್ತು. ವಾಪಸ್ ಬರುವಾಗ ನಾನು ಕಿಟಕಿಯಲ್ಲಿದ್ದೆ. ಅವನು ಮುಂದೆ ಒಂದೊಂದೇ ಹೆಜ್ಜೆ ತೂಗಿ ತೂಗಿ ಇಡುತ್ತಿದ್ದ. ಅವಳು ಹಿಂದಿನಿಂದ ಅದೇ ಹೆಜ್ಜೆಯ ಗುರುತಿಗೆ ಜಿಗಿಜಿಗಿದು ಬರುತ್ತಿದ್ದಳು. ಅಪ್ಪ ಮಗಳು ಆಟವಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಅಂಗಳಕ್ಕೆ ಬಂದಾಗ ಅವನ ಮುಖ ನೋಡಿದೆ, ಆ ಚಳಿಯಲ್ಲೂ ಬೆವರು ಇಳಿಯುತ್ತಿತ್ತು. ನಾನು ಇಟ್ಟಲ್ಲೇ ಕಾಲಿಡು, ಪಕ್ಕಕ್ಕೆ ಇಟ್ಟರೆ ಕೆಟ್ಟೆ ಎಂದು ದಾರಿಯುದ್ದಕ್ಕೂ ಮಗುವಿಗೆ ಹೇಳಿದ್ದನಂತೆ. ಅಂದಿನಿಂದ ಸಿನ್ನೆ ಶಾಲೆಯ ಬಸ್ಸಿಗೆ ಹೋಗುವಾಗಲೂ ಯಾರಾದರೂ ತುಳಿದ ಜಾಗದಲ್ಲೇ ತುಳಿಯುತ್ತಾಳೆ. ಯಾಕೆ ಪುಟ್ಟಿ ಎಂದರೆ, "ಅಪ್ಪ ಇಲ್ಲದಾಗ ಯಾರು ನೋಡ್ತಾರಮ್ಮ?" ಎನ್ನುತ್ತಾಳೆ. ಈ ಮಗುವಿಗೂ ನೀನೇ ಫೋನ್ ಮಾಡಿ ಸಹಾಯ ಕೇಳು ಎನ್ನಲೇ, ಮುಖ್ಯಸ್ಥರೇ?

ನಮ್ಮ ಕಣಿವೆಯ ಜನರನ್ನು ನೀವು ಕಂಡಿಲ್ಲವೆಂದು ಕಾಣುತ್ತದೆ. ಇಲ್ಲಿ ಯಾರೂ ಯಾರನ್ನೂ ಹೇಗಿದ್ದೀಯ ಎಂದು ಎರಡನೇ ಸಲ ಕೇಳುವುದಿಲ್ಲ. ಗಂಡಸರು ಬಾಯಿ ಬಿಡುವುದು ಎಲ್ಕ್ ಜಿಂಕೆ ಬೇಟೆಯ ತಂಡದಲ್ಲಿ, ಬೆಂಕಿಯ ಸುತ್ತ, ಅದೂ ಕಾಫಿ ಚೆನ್ನಾಗಿದೆ ಅನ್ನುವುದಕ್ಕೆ. ಟೋರ್ಗೈರ್ ಈಗ ಹೊರಗೆ ಹೋಗುವುದೆಂದರೆ ಆ ತಂಡಕ್ಕೆ ಮಾತ್ರ. ಹಾಗಾಗಿ ಮನೆಯಲ್ಲಿ ಬಂದೂಕಿದೆ, ಕಬ್ಬಿಣದ ಕಪಾಟಿದೆ, ಕೀಲಿ ಅವನ ಹತ್ತಿರವೇ ಇದೆ. ಪೊಲೀಸರಿಗೆ ಒಂದು ಮಾತು ಹೇಳಿದರೆ ಬಂದೂಕು ಹೋಗುತ್ತದೆ, ಜೊತೆಗೆ ತಂಡವೂ ಹೋಗುತ್ತದೆ. ಆಮೇಲೆ ಅವನಿಗೆ ಉಳಿಯುವುದೇನು? ಹೇಳದಿದ್ದರೆ ನನಗೆ ಉಳಿಯುವುದೇನು? ಈ ಪ್ರಶ್ನೆ ಹೊತ್ತುಕೊಂಡು ನಾನು ಅಂಗಡಿಗೆ ಹೋಗುತ್ತೇನೆ, ಬ್ರೆಡ್ ಕೊಳ್ಳುತ್ತೇನೆ, ಬರುವಾಗ ನಮ್ಮ ಮನೆಯ ಚಿಮಣಿಯಲ್ಲಿ ಹೊಗೆ ಬರುತ್ತಿದೆಯೇ ಎಂದು ದೂರದಿಂದಲೇ ನೋಡುತ್ತೇನೆ. ಹೊಗೆ ಕಂಡರೆ, ಒಲೆಗೆ ಕಟ್ಟಿಗೆ ಹಾಕುತ್ತಿದ್ದಾನೆ, ಇದ್ದಾನೆ ಎಂದುಕೊಂಡು ಬೇಗ ಬೇಗ ನಡೆಯುತ್ತೇನೆ.

ತಂಡದ ಮುಖಂಡ ಒಡ್ವಾರ್‌ಗೆ ನಾನು ಏನೂ ಹೇಳಿರಲಿಲ್ಲ. ಚಳಿಗಾಲ ಮುಗಿಯುವಾಗ ಅವನು ತಾನಾಗಿಯೇ ಬಂದ. ಕಾಫಿ ಕುಡಿದ, ಹಿಮದ ಬಗ್ಗೆ ಮಾತಾಡಿದ, ಆಮೇಲೆ ಟೋರ್ಗೈರ್‌ನ ಬಂದೂಕು ನೋಡಬೇಕೆಂದ. "ಏನೋ ಮಾರಾಯ, ಈ ಬೋಲ್ಟ್ ತುಕ್ಕು ಹಿಡೀತಾ ಇದೆ. ಒಯ್ದು ಸರಿಮಾಡಿ ಕೊಡ್ತೀನಿ," ಎಂದು ಅದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋದ. ಗುಂಡನ್ನು ಒಳಗೆ ತಳ್ಳಿ ಹಾರಿಸುವ ಆ ಭಾಗವಿಲ್ಲದೆ ಬಂದೂಕು ಬರೀ ಕೊಳವೆ. ಬೇಸಿಗೆಯಲ್ಲಿ ಬೇಟೆಗಾರರ ಗುರಿ ಪರೀಕ್ಷೆಯ ದಿನ ತಂದುಕೊಟ್ಟ, ಪಕ್ಕದಲ್ಲೇ ನಿಂತಿದ್ದ, ಇನ್ನೂ ಸ್ವಲ್ಪ ಕೆಲಸ ಬಾಕಿ ಇದೆ ಎಂದು ಮತ್ತೆ ಒಯ್ದ. ಟೋರ್ಗೈರ್ ಒಂದು ಗುಂಡೂ ತಪ್ಪಿಸಲಿಲ್ಲ. ಇಷ್ಟು ಚೆನ್ನಾಗಿ ಗುರಿ ಇಡುವವನಿಗೆ ಏನೂ ಆಗಿಲ್ಲ ಎಂದು ಊರೆಲ್ಲ ಹೊಗಳಿತು, ನಮ್ಮ ಡಾಕ್ಟರ್ ಕೂಡ ಅದನ್ನೇ ಹೇಳಿದರು. ಮನೆಯಲ್ಲಿ ಕಾಫಿ ಲೋಟ ಹಿಡಿಯಲಾಗದೆ ನಡುಗುವ ಕೈ ಬಂದೂಕು ಹಿಡಿದಾಗ ಮಾತ್ರ ನಿಲ್ಲುತ್ತದೆ. ಇದು ನೆಮ್ಮದಿಯ ಸುದ್ದಿಯೇ?

ಮೇ ಎಂಟರ ಮಾಜಿ ಯೋಧರ ದಿನದ ಸಮಾರಂಭಕ್ಕೆ ನೀವು ನಮ್ಮನ್ನು ತಪ್ಪದೆ ಕರೆಯುತ್ತೀರಿ, ಅದಕ್ಕೆ ಕೃತಜ್ಞಳು. ಬಾವುಟ ಹಾರುತ್ತದೆ, ಭಾಷಣವಾಗುತ್ತದೆ, ಹೆಂಡತಿಯರ ತ್ಯಾಗಕ್ಕೆ ಒಂದು ವಾಕ್ಯ, ಆಮೇಲೆ ಕೇಕ್. ಕೇಕ್ ಚೆನ್ನಾಗಿತ್ತು. ಆದರೆ ನಿಮ್ಮ ಇಷ್ಟು ದೊಡ್ಡ ವಿಭಾಗ ಮಾಡದ ಕೆಲಸವನ್ನು ಕಟ್ಟಿಗೆ ಮಾರುವ ಅರವತ್ತು ದಾಟಿದ ಒಬ್ಬ ಮನುಷ್ಯ ತನ್ನ ಜೇಬಿನಲ್ಲಿಟ್ಟುಕೊಂಡು ಎಷ್ಟು ದಿನ ಓಡಾಡಬೇಕು? ಒಡ್ವಾರ್‌ಗೂ ಭಯವಿದೆ. ಮುಂದಿನ ವಾರ ಬೇಟೆ ಶುರು. ನನ್ನ ಬೋಲ್ಟ್ ಕೊಡು ಎಂದು ಟೋರ್ಗೈರ್ ಭಾನುವಾರ ಕೇಳಿದನಂತೆ. ಒಡ್ವಾರ್ ನಮ್ಮ ಕಟ್ಟಿಗೆ ಮನೆಯ ಹತ್ತಿರ ನನ್ನನ್ನು ನಿಲ್ಲಿಸಿ, "ಕೊಡದಿದ್ರೆ ಅವನಿಗೆ ಅವಮಾನ. ಕೊಟ್ರೆ... ಇಂಗುನ್, ನಾನೇನು ಮಾಡ್ಲಿ ನೀನೇ ಹೇಳು," ಎಂದ. ಅಂದೇ ನಿಮಗೆ ಮತ್ತೆ ಫೋನ್ ಮಾಡಿದೆ. ಈ ಸಲ, ಅವರೇ ಕೇಳಿಕೊಂಡರೂ ಸರದಿ ಬರುವುದು ಕ್ರಿಸ್‌ಮಸ್ ಆದ ಮೇಲೆ ಎಂದರು.

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಬೆಳಗಿನ ತಿಂಡಿಯ ಹೊತ್ತಿಗೆ ಟೋರ್ಗೈರ್ ಕೈಗೆ ಕೊಟ್ಟೆ. ಇದನ್ನು ಪತ್ರಿಕೆಗೂ ಕೊಡುತ್ತಿದ್ದೇನೆ, ಅವನ ಬೆನ್ನ ಹಿಂದೆ ಊರಿಗೆ ಓದಿಸುವುದು ನನ್ನಿಂದಾಗದು. ಮೇಜು ತಳ್ಳಿ ಎದ್ದು ಹೋಗುತ್ತಾನೆ ಅಂದುಕೊಂಡೆ. ಅವನು ನಿಧಾನವಾಗಿ ಪೂರ್ತಿ ಓದಿದ. ಬ್ರೆಡ್ಡಿನ ಮೇಲಿನ ಚೀಸ್ ಒಣಗುತ್ತಿತ್ತು.

"ಬೋಲ್ಟ್‌ಗೆ ತುಕ್ಕು ಹಿಡಿದಿರ್ಲಿಲ್ಲ. ನನಗೆ ಗೊತ್ತಿತ್ತು," ಎಂದ.

ಹಾಗಾದರೆ ಯಾಕೆ ಕೊಟ್ಟೆ ಎಂದು ಕೇಳಿದೆ.

"ಸದ್ಯ, ಯಾರೋ ತಗೊಂಡು ಹೋದ್ರಲ್ಲ ಅನ್ನಿಸ್ತು."

ಮತ್ತೆ ಈಗ ಯಾಕೆ ವಾಪಸ್ ಕೇಳಿದೆ ಎಂದೆ. ಅವನು ಕಾಗದವನ್ನು ನನ್ನ ಕಡೆ ಸರಿಸಿ, "ಕೊಡಬೇಡ ಅಂತ ಒಡ್ವಾರ್‌ಗೆ ಹೇಳು, ಇಂಗುನ್," ಎಂದ.

ಮುಖ್ಯಸ್ಥರೇ, ನಮ್ಮ ಕಡೆಯ ಗಂಡಸು ಇದಕ್ಕಿಂತ ಜೋರಾಗಿ ಕೇಳುವುದಿಲ್ಲ. ಬೇಟೆ ಶುರುವಾಗುವ ಮುಂಚೆ ಒಬ್ಬ ಮನುಷ್ಯನನ್ನು ಕಳಿಸಿ. ಹಗಲು ಹೊತ್ತು, ಸಾಧಾರಣ ಕಾರಿನಲ್ಲಿ, ಸಮವಸ್ತ್ರವಿಲ್ಲದೆ ಬರಲಿ. ಬಂದವರು ಸಿನ್ನೆಯ ಜೊತೆಗೂ ಕೂತು ಮಾತಾಡಬೇಕು, ನನ್ನ ಜೊತೆಗೂ. ಬಾಗಿಲಿಗೆ ಬೀಗ ಹಾಕುವುದಿಲ್ಲ. ಟೋರ್ಗೈರ್ ಮನೆಯಲ್ಲೇ ಇರುತ್ತಾನೆ, ಅವನು ಇರುವಂತೆ ನೋಡಿಕೊಳ್ಳಲು ನಾನು ಕೆಲಸಕ್ಕೆ ರಜೆ ಹಾಕಿ ಕೂತಿದ್ದೇನೆ.

ಇಂತಿ,
ಚಿಮಣಿಯ ಹೊಗೆ ಕಾಯುತ್ತಿರುವ,
ನಿಮ್ಮ ಲೆಕ್ಕಕ್ಕೆ ಸಿಗದ ಹೆಂಡತಿ
ಇಂಗುನ್