ಸಲಗರೆ ಟೆಂಪೋ ಇಂದೂ ಬರಲಿಲ್ಲ

ಜನವರಿ 27, ಸಂಜೆ

ಇವತ್ತೂ ಸ್ಟಿಕರ್, ಸ್ಟಿಕರ್, ಸ್ಟಿಕರ್. ಮಿರಜ ಹತ್ತಿರದ ಮಾಲಗಾಂವದ ದ್ರಾಕ್ಷಿ. ಪ್ರತಿ ಡಬ್ಬಿಗೂ ಒಂದು ಕೋಡ್. ಯುರೋಪಿನ ಯಾವುದೋ ಅಂಗಡಿಯಲ್ಲಿ ಯಾರೋ ಅದಕ್ಕೆ ಮೊಬೈಲ್ ಹಿಡಿದರೆ ಸಾಕು — ಯಾರ ತೋಟ, ಎಂದು ಕೊಯ್ದದ್ದು, ಯಾವ ಔಷಧಿ ಹೊಡೆದದ್ದು, ಎಲ್ಲ ಕಾಣುತ್ತದೆ. ಅದನ್ನು ಕಂಪ್ಯೂಟರಿಗೆ ತುಂಬುವವಳು ನಾನು. ಹಣ್ಣು ಡಬ್ಬಿಗೆ ತುಂಬುವ ಈ ಪ್ಯಾಕ್‌ಹೌಸ್ ತಾತ್ಯಾಸಾಹೇಬ ಕಾಕಾ ಅವರದು. ಅಪ್ಪನ ತಮ್ಮ. ಅದಕ್ಕೇ ಡಿಸೆಂಬರಿನಲ್ಲಿ ಇಂಟರ್‌ವ್ಯೂ ಇಲ್ಲದೆ ನೌಕರಿ ಸಿಕ್ಕಿತು.

ಖರೀದಿ ಮಾಡುವ ಕಂಪನಿಯ ಮೇಲ್ ಬಂದಿದೆ. ಮುಂದಿನ ತಿಂಗಳು ಆಡಿಟ್. ಈ ಸಲ ಹಣ್ಣಿನದಲ್ಲ — ಕೆಲಸಗಾರರನ್ನು ಹೇಗೆ ನೋಡಿಕೊಳ್ಳುತ್ತೀರಿ ಅಂತ. ಕಾಕಾ ನಕ್ಕರು. ಮ್ಯಾನೇಜರ್ ಪಂಕಜನೂ ನಕ್ಕ.

ಕನ್ನಡದಲ್ಲಿ ಬರೆಯುವುದು ಒಳ್ಳೆಯದೇ. ಮರಾಠಿಯವನಾದ ಪಂಕಜನಿಗೆ ಓದಲು ಬರುವುದಿಲ್ಲ.

ಜನವರಿ 30

ಇಂದ್ರವ್ವ ಮಾವಶಿ ಪ್ಯಾಕಿಂಗ್ ಟೇಬಲ್ ಪಕ್ಕದಲ್ಲೇ ಕುಸಿದಳು. ಸಲಗರೆಯಿಂದ ಟೆಂಪೋದಲ್ಲಿ ಬರುವ ಹೆಂಗಸರಲ್ಲಿ ಹಿರಿಯಳು. ಮೈ ಸುಡುತ್ತಿತ್ತು, ನಡುಕ ಬೇರೆ. ಅಲ್ಲೇ ಕೆಲಸ ಮಾಡುವ ಆಕೆಯ ಸೊಸೆ ಭಾಗ್ಯಾಳನ್ನು ಜೊತೆಗೆ ಕರೆದುಕೊಂಡು ಮಿರಜಿನ ಆಸ್ಪತ್ರೆಗೆ ಓಡಿದೆ. ಮೂತ್ರದ ಸೋಂಕು, ಕಿಡ್ನಿವರೆಗೂ ಹೋಗಿದೆ ಎಂದರು ಡಾಕ್ಟರ್. ನೀರು ಕುಡಿಯುವುದಿಲ್ಲವೇ ಎಂದು ಗದರಿದರು.

"ನೀರ ಕುಡದ್ರ ಸಂಡಾಸಕ್ಕ ಹೋಗಬೇಕಾಗತೈತಲ್ರಿ," ಇಂದ್ರವ್ವ ಮೆಲ್ಲಗೆ ಅಂದಳು. "ಕೀಲಿ ಪಂಕಜ ಸಾಹೇಬ್ರ ಕಡೆ ಇರತೈತಿ. ಊಟದ ಹೊತ್ತಿನಾಗ ಅಷ್ಟ ತಗೀತಾರ."

"ಮನಿಯಿಂದ ಬರೂಮುಂದನ ಬಾಯಿ ಒಣಗಿಸ್ಕೊಂಡ ಬರತೀವ್ರಿ ಅಕ್ಕಾರ," ಎಂದಳು ಭಾಗ್ಯಾ.

ಗೊತ್ತೇ ಇರಲಿಲ್ಲ. ಆಫೀಸಿನವರಿಗೆ ಬೇರೆ ಬಾತ್‌ರೂಮ್. ಅದಕ್ಕೆ ಕೀಲಿ ಇಲ್ಲ.

ವಾಪಸು ಬಂದು ಕಾಕಾ ಎದುರು ನಿಂತು ಕೇಳಿದೆ.

"ನೋಡ ಮಗಳ, ಒಬ್ಬಾಕಿ ಹೊರಗ ಹೋದ್ರ ಟೋಪಿ ತಗೀಬೇಕು, ಕೈ ತೊಳೀಬೇಕು, ಮತ್ತ ಎಲ್ಲಾ ಹಾಕ್ಕೋಬೇಕು. ಲೈನ್ ನಿಂದರತೈತಿ. ಮಾಲ್ ಕಾಯೂದಿಲ್ಲ."

ನಾವು ಜೈನರು. ಮನೆಯಲ್ಲಿ ಸೋಸದ ನೀರು ಮುಟ್ಟದ ಕಾಕಾ. ನೀರಿನೊಳಗಿನ ಕಣ್ಣಿಗೆ ಕಾಣದ ಜೀವಕ್ಕೂ ನೋವಾಗಬಾರದು. ಕಣ್ಣೆದುರು ಬಿದ್ದ ಹೆಂಗಸಿಗೆ...?

ಫೆಬ್ರವರಿ 6

ಸಂಡಾಸಕ್ಕೆ ಹೊಸ ಟೈಲ್ಸ್. ಬಣ್ಣ. ಘಮಘಮ ಸಾಬೂನು. ಆಫೀಸಿನ ಗೋಡೆಗೆ ಕಂಪನಿಯ ಪೋಸ್ಟರ್ — 'ನಿಮ್ಮ ಹಕ್ಕುಗಳು', ಕೆಳಗೆ ದೂರು ಕೊಡುವ ನಂಬರ್. ಎಲ್ಲವೂ ಇಂಗ್ಲಿಷಿನಲ್ಲಿ! ಟೆಂಪೋದಲ್ಲಿ ಬರುವವರಿಗೆ ಆ ಭಾಷೆ ಬರುವುದಿಲ್ಲ, ಆಫೀಸಿನೊಳಗೆ ಅವರು ಕಾಲಿಡುವುದೂ ಇಲ್ಲ.

ಪಂಕಜ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಮರಾಠಿಯಲ್ಲಿ ಪಾಠ ಹೇಳಿಸಿದ. ಬೇಕಾದಾಗ ಹೊರಗೆ ಹೋಗುತ್ತೇವೆ. ಏನೂ ತ್ರಾಸಿಲ್ಲ. ಸಾಹೇಬರು ತಂದೆ ಇದ್ದ ಹಾಗೆ. ಮಗ್ಗಿ ಒಪ್ಪಿಸಿದಂತೆ ಒಪ್ಪಿಸಿದರು.

"ಈ ಹೊಸಾದು ಇವತ್ತಿಂದ ಚಾಲೂ ಏನ್ರಿ?" ಭಾಗ್ಯಾ ಕೇಳಿದಳು.

ಆಡಿಟ್ ಆದ ಮೇಲಂತೆ. ಈಗ ಬಳಸಿದರೆ ಹೊಲಸಾಗುತ್ತದಂತೆ!

ಫೆಬ್ರವರಿ 11

ಆಡಿಟರ್ ಚೆನ್ನೈಯವರು. ಇಂಗ್ಲಿಷ್, ಸ್ವಲ್ಪ ಹಿಂದಿ. ಕನ್ನಡಕ್ಕೆ ದುಭಾಷಿ ಬೇಕು — ಕಾಕಾ ನನ್ನನ್ನೇ ಮುಂದೆ ಮಾಡಿದರು. ಬಾಗಿಲಲ್ಲಿ ತಡೆದು, "ಮನಿ ಮರ್ಯಾದಿ ನಿನ್ನ ನಾಲಿಗಿ ಮ್ಯಾಲೈತಿ ನೋಡು," ಅಂದರು.

ಒಳಗೆ ಆಡಿಟರ್, ಭಾಗ್ಯಾ, ನಾನು — ಮೂವರೇ. ಭಾಗ್ಯಾ ಮರಾಠಿ ಪಾಠ ಶುರು ಮಾಡಿದಳು. ನಡುವೆ ನಿಂತಳು. ನನ್ನ ಮುಖ ನೋಡಿದಳು.

"ಅಕ್ಕಾರ, ಖರೇ ಹೇಳಿದ್ರ ನೀವು ಖರೇನ ಹೇಳತೀರೇನು?"

"ಹೇಳತೀನಿ."

ಹೇಳಿದಳು. ಕೀಲಿ, ಒಣ ಬಾಯಿ, ಅತ್ತೆಯ ಕಿಡ್ನಿ, ತಿಂಗಳ ಮುಟ್ಟಿನ ದಿನಗಳಲ್ಲಿ ಆಗುವ ಫಜೀತಿ. ಒಂದು ಮಾತೂ ಬಿಡದೆ ಇಂಗ್ಲಿಷಿಗೆ ತಂದೆ. ಕೊನೆಗೆ ಅವಳೇ ಕೇಳಿದಳು — ಇದನ್ನು ಹೇಳಿದ ಮೇಲೆ ನಮ್ಮ ಕೆಲಸ ಉಳಿಯುತ್ತದೆಯೇ? ಅದನ್ನೂ ತಂದೆ. ನಿಮ್ಮ ಹೆಸರು ಎಲ್ಲೂ ಬರುವುದಿಲ್ಲ ಎಂದರು ಆಡಿಟರ್. ಅದನ್ನು ಕನ್ನಡಕ್ಕೆ ತಂದೆ.

ಆಮೇಲೆ ಬಂದ ಸಲಗರೆಯ ಇನ್ನಿಬ್ಬರೂ ಅದನ್ನೇ ಹೇಳಿದರು.

ಫೆಬ್ರವರಿ 19

ವರದಿ ಬಂತು. 'ಗಂಭೀರ ಲೋಪ.' ಆರ್ಡರ್ ತಡೆದಿದ್ದಾರೆ. ಯಾರ ಹೆಸರೂ ಇಲ್ಲ, ನಿಜ. ಆದರೆ ಉಳಿದವರು ಮರಾಠಿಯಲ್ಲೇ ಪಾಠ ಒಪ್ಪಿಸಿದ್ದರು; ಕನ್ನಡದಲ್ಲಿ ಮಾತಾಡಿದವರು ಸಲಗರೆಯವರು ಮಾತ್ರ. ಪಂಕಜ ಟೆಂಪೋದವನಿಗೆ ಫೋನ್ ಮಾಡಿದ — ನಾಳೆಯಿಂದ ಬರಬೇಡ. ಮುಗಿಯಿತು.

ಕಾಕಾ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಫೆಬ್ರವರಿ 21

ಪಂಕಜ ಕಂಪನಿಗೆ ಫೋಟೋ ಕಳಿಸಿದ. ಹೊಸ ಟೈಲ್ಸ್, ತೆರೆದ ಬಾಗಿಲು, ಸಾಬೂನು. ಸಂಜೆಯೊಳಗೆ ಉತ್ತರ: ಲೋಪ ಸರಿಯಾಗಿದೆ, ಪ್ರಕರಣ ಮುಕ್ತಾಯ. ಆರ್ಡರ್ ಮತ್ತೆ ಚಾಲೂ.

ಬಾಗಿಲಿನ ಫೋಟೋ ನೋಡಿದರು! ಆ ಬಾಗಿಲೊಳಗೆ ಹೋಗಬೇಕಾದವರು ಎಲ್ಲಿ ಅಂತ ಒಬ್ಬರೂ ಕೇಳಲಿಲ್ಲ. ಆಡಿಟರಿಗೆ ಫೋನ್ ಮಾಡಿದೆ. ನನ್ನ ಕೆಲಸ ವರದಿ ಕೊಡುವುದು, ಮುಂದಿನದು ಕಂಪನಿಗೆ ಬಿಟ್ಟದ್ದು ಎಂದರು. ಒಂದು ಡಬ್ಬಿ ದಾರಿ ತಪ್ಪಿದರೆ ಹಡಗು ಹಡಗು ಹುಡುಕುತ್ತಾರೆ. ಒಂದು ಟೆಂಪೋ ತುಂಬ ಹೆಂಗಸರು ಕಾಣೆಯಾದರೆ...

ಸಲಗರೆ ಟೆಂಪೋ ಇಂದೂ ಬರಲಿಲ್ಲ.

ಫೆಬ್ರವರಿ 23, ಭಾನುವಾರ

ಸಾಂಗ್ಲಿವಾಡಿಯ ನಮ್ಮ ಮನೆಯಿಂದ ಬಸ್ಸು ಬದಲಿಸಿ ಸಲಗರೆಗೆ ಹೋದೆ. ಇಂದ್ರವ್ವ ಹೊರಸಿನ ಮೇಲೆ ಮಲಗಿದ್ದಳು. ಆಕೆಯ ಗಂಡ ಅಮಸಿದ್ದ, ಕುರಿ ಕಾಯುವುದನ್ನು ಬಿಟ್ಟು, ಪಕ್ಕದಲ್ಲಿ ಬಂದು ಕೂತಿದ್ದ. ಭಾಗ್ಯಾ ನೀರು ಕೊಟ್ಟಳು, ಮುಖ ಕೊಡಲಿಲ್ಲ.

"ಹೆಸರ ಬರೂದಿಲ್ಲ ಅಂದ್ರಿ. ಹೆಸರ ಬರಲಿಲ್ಲ. ಕೆಲಸ ಹೋತು."

ಆಕೆಯ ಸಿಟ್ಟು ಸರಿಯಾಗಿಯೇ ಇದೆ. ಪೋಸ್ಟರಿನ ನಂಬರಿಗೆ ನನ್ನ ಹೆಸರಿನಲ್ಲೇ ದೂರು ಬರೆಯುತ್ತೇನೆ ಎಂದೆ.

ಇಂದ್ರವ್ವ ಎದ್ದು ಕೂತಳು. "ನಿಂದೊಂದ ಹೆಸರ ಯಾಕ ತಂಗಿ? ಮುಚ್ಚಿಟ್ಟ ಏನ್ ಉಳೀತು? ಎಲ್ಲಾರೂ ಹೇಳತೀವಿ."

ಅಂಗಳಕ್ಕೆ ಟೆಂಪೋದ ಹೆಂಗಸರೆಲ್ಲರನ್ನೂ ಕರೆಸಿದಳು. ಒಬ್ಬೊಬ್ಬರೂ ನನ್ನ ಮೊಬೈಲಿನಲ್ಲಿ ಹೆಸರು, ಊರು, ಆದದ್ದು ಹೇಳಿದರು. ಗಟ್ಟಿಯಾಗಿ. ತುಳಸವ್ವ ಎಂಬಾಕೆ ಬೈಗುಳವನ್ನೂ ಸೇರಿಸಿದಳು. ಅದನ್ನೂ ಇಂಗ್ಲಿಷಿಗೆ ತಂದು ಕಳಿಸಿದೆ.

ಫೆಬ್ರವರಿ 27

ಕಂಪನಿಯಿಂದ ಕಾಕಾಗೆ ಫೋನ್. ದೂರು ಕೊಟ್ಟದ್ದು ನಾನು ಅಂತ ಗೊತ್ತಾಯಿತು. "ನಾಳೆಯಿಂದ ಬರಬ್ಯಾಡ," ಇಷ್ಟೇ. ಸಂಜೆ ನನ್ನ ಊಟದ ಡಬ್ಬಿ ತೊಳೆಯುತ್ತ ಅಮ್ಮ ಅತ್ತಳು.

ಮಾರ್ಚ್ 5

ಕಂಪನಿಯ ಉತ್ತರ ನನಗೂ ಬಂದಿದೆ. ಮಾತಾಡಿದ್ದಕ್ಕೆ ಕೆಲಸದಿಂದ ತೆಗೆದದ್ದು ಮೊದಲಿನದಕ್ಕಿಂತ ದೊಡ್ಡ ಲೋಪವಂತೆ. ಎಲ್ಲರನ್ನೂ ವಾಪಸು ಕರೆಯುವವರೆಗೆ ಒಂದು ಡಬ್ಬಿಯನ್ನೂ ಕೊಳ್ಳುವುದಿಲ್ಲವಂತೆ. ಮುಂದೆ ಹೇಳದೆ ಕೇಳದೆ ಬಂದು ನೋಡುತ್ತಾರಂತೆ. ನನ್ನ ಕೆಲಸದ ಬಗ್ಗೆ ಒಂದು ಸಾಲೂ ಇಲ್ಲ. ಇರಲಿ.

ಮಾರ್ಚ್ 7, ಮಧ್ಯಾಹ್ನ

ಟೆಂಪೋ ಹೋಗಿದೆ! ಭಾಗ್ಯಾ ಊಟದ ಹೊತ್ತಿನಲ್ಲಿ ಫೋನ್ ಮಾಡಿದ್ದಳು.

"ಪಂಕಜ ಸಾಹೇಬ್ರ ಮುಂದ ನಿಂತ ಬಾಟ್ಲಿ ಪೂರಾ ಕುಡದ್ನಿ ಅಕ್ಕಾರ. ಎರಡ ಸರ್ತಿ ಹೋಗಿ ಬಂದೇನಿ. ಬಾಯಿ ತಗೀಲಿಲ್ಲ ಅಂವಾ."

ಇಬ್ಬರೂ ನಕ್ಕೆವು. ಆಮೇಲೆ ಅವಳ ದನಿ ಇಳಿಯಿತು. ಅತ್ತೆಯನ್ನು ಗೇಟಿನಲ್ಲೇ ತಡೆದರಂತೆ. ತಬ್ಯೇತ್ ಚೆನ್ನಾಗಿದೆ ಅಂತ ಡಾಕ್ಟರ್ ಸರ್ಟಿಫಿಕೇಟ್ ತರಬೇಕಂತೆ. ಹಣ್ಣಿನ ಕೆಲಸ, ರೋಗದವರು ಬೇಡವಂತೆ.

ರೋಗ ಹಚ್ಚಿದವರೇ ಈಗ ರೋಗಿಷ್ಟಳು ಅನ್ನುತ್ತಾರೆ! ಇಂದ್ರವ್ವ ಗೇಟಿನ ಎದುರು ನೆಲದ ಮೇಲೆ ಕೂತಿದ್ದಾಳಂತೆ. ಏಳುವುದಿಲ್ಲ ಅನ್ನುತ್ತಿದ್ದಾಳಂತೆ. ಬಿಸಿಲು ನೆತ್ತಿಗೆ ಬಂದಿದೆ.

ಹೊರಟೆ. ಕಂಪನಿಗೆ ಹೊಸ ದೂರನ್ನು ಬಸ್ಸಿನಲ್ಲೇ ಬರೆದರಾಯಿತು. ಇಲ್ಲ, ಮೊದಲು ಆಕೆಯ ಪಕ್ಕದಲ್ಲಿ ಕೂರುತ್ತೇನೆ, ಕಾಕಾ ಹೊರಗೆ ಬಂದರೆ ಎಲ್ಲರ ಎದುರಿಗೇ ಕೇಳುತ್ತೇನೆ — ಈ ರೋಗ ಎಲ್ಲಿಂದ ಬಂತು ಅಂತ.