ಹಾಗೇ ಉಳಿದ ಪುಂಡಿ ಪಲ್ಯ

೪ ಆಗಸ್ಟ್ ೨೦೨೫, ಸೋಮವಾರ. ಹುಮನಾಬಾದ.

ಡಬ್ಬಿ ಇವತ್ತು ತುಂಬಿದ್ದು ತುಂಬಿದಂತೆಯೇ ಮನೆಗೆ ಬಂತು.

ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ನಾವು ಮೂವರು ಟೀಚರುಗಳು ಡಬ್ಬಿಗಳನ್ನು ನಡುವೆ ಇಟ್ಟು ಹಂಚಿಕೊಂಡು ಉಣ್ಣುತ್ತೇವೆ. ಯಾವಾಗಲೂ ನನ್ನ ಪುಂಡಿ ಪಲ್ಯವೇ ಮೊದಲು ಖಾಲಿ. ಇವತ್ತು ಮುಚ್ಚಳ ತೆಗೆದೆ, ಯಾರೂ ಚಮಚ ಹಾಕಲಿಲ್ಲ.

"ಶ್ರಾವಣ ಸೋಮವಾರ ಅದರೀ ಮೇಡಂ, ಒಪ್ಪತ್ತು ಹಿಡದೀನಿ" ಎಂದರು ಸೂಗಮ್ಮ ಟೀಚರ್.

"ನಂದೂ ಅದೇ ರೀ" ಎಂದರು ಸತೀಶಕುಮಾರ ಸರ್, ಮೊಬೈಲಿನಿಂದ ತಲೆ ಎತ್ತದೆ.

ನಾನೂ ಉಣ್ಣದೆ ಮುಚ್ಚಳ ಹಾಕಿಬಿಟ್ಟೆ.

ನಿಜವೇ ಇರಬಹುದು. ಆದರೆ ಹೋದ ಸೋಮವಾರವೂ ಶ್ರಾವಣವೇ ಅಲ್ಲವೇ? ಅವತ್ತು ಸೂಗಮ್ಮ ಟೀಚರ್ ಎರಡು ಸಲ ಹಾಕಿಸಿಕೊಂಡು ಉಂಡಿದ್ದರು.

ನಡುವೆ ನಡೆದದ್ದು ಒಂದೇ. ಶನಿವಾರ ಎಂಟನೇ ಕ್ಲಾಸಿನ ಪೂನಂ ಶಾಲೆ ಬಿಡುತ್ತೇನೆಂದು ಅಳುತ್ತಿದ್ದಳು. ಯಾರೋ ಜಾತಿ ಎತ್ತಿ ಅಂದಿದ್ದರಂತೆ. ಎಲ್ಲ ಮಕ್ಕಳೆದುರೇ ಅವಳಿಗೆ ಹೇಳಿಬಿಟ್ಟೆ: "ನಾನೂ ನಿಮ್ಮ ಜಾತಿಯಾಕಿನೇ. ಓದಿದ ಮ್ಯಾಲ ಯಾರ್ ಏನ್ ಅಂತಾರ ನೋಡು." ಎರಡು ವರ್ಷ ಈ ಶಾಲೆಯಲ್ಲಿ ಯಾರಿಗೂ ಹೇಳದ ಮಾತು.

ಸಂಶಯದ ರೋಗ ನನಗೇ ಇರಬಹುದು. ನಾಳೆ ಮಂಗಳವಾರ, ಒಪ್ಪತ್ತಿಲ್ಲ. ಅದೇ ಪಲ್ಯ ಮತ್ತೆ ಮಾಡಿ ಒಯ್ದು ನೋಡುತ್ತೇನೆ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಪೂನಂ ಓಡಿ ಬಂದಳು. "ಟೀಚರ್, ನಾ ಸಾಲಿ ಬಿಡಂಗಿಲ್ರಿ. ನಿಮ್ಮಂಗ ಟೀಚರ್ ಆಗ್ತೀನ್ರಿ. ನಿಮಗ ಯಾರೂ ಏನೂ ಅನ್ನಂಗಿಲ್ಲಲ್ರಿ?"

"ಇಲ್ಲವ್ವಾ" ಎಂದೆ. ಭಾರದ ಡಬ್ಬಿಯ ಚೀಲವನ್ನು ಬೆನ್ನ ಹಿಂದೆ ಹಿಡಿದುಕೊಂಡೆ.