ಕಿವಿ ಮುಟ್ಟಿ ಕರೆಯುವ ಹೆಸರು

ಶುಕ್ರವಾರ, 15-11-2024. ಕುಷ್ಟಗಿ. ಸಂಜೆ 6.30

ಕಚೇರಿಯಿಂದ ಬಂದು ಪೇಪರ್ ಓದಿ ಮುಗಿಸಿದೆ. ನಾಳೆಗೆ ರಜೆ ಹಾಕಿದ್ದೇನೆ. ಅಕ್ಕ ಯಮನೂರಮ್ಮನ ಚೀಲ ಸಿದ್ಧ — ಎರಡು ಸೀರೆ, ಒಂದು ಹೊದಿಕೆ. ಅಕ್ಕನಿಗೆ ವಯಸ್ಸು 38. ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ. ಶಾಲೆಗೆ ಹೋಗಿಲ್ಲ.

ಸಿದ್ದಾಪುರದ ಆಚೆ ಮಿಷನ್‌ನವರ ಹೊಲಿಗೆ ಕೇಂದ್ರವಿದೆ. ಅಲ್ಲಿರುವ ಇಪ್ಪತ್ತಾರು ಹೆಂಗಸರಿಗೂ ಕಿವಿ ಕೇಳುವುದಿಲ್ಲ. ಅಡುಗೆಗೆ ಇನ್ನೊಬ್ಬರು ಬೇಕಂತೆ. ಶನಿವಾರ, ಭಾನುವಾರ ಇದ್ದು ನೋಡಲಿ, ಹೊಂದಿಕೊಂಡರೆ ಕೆಲಸ ಎಂದಿದ್ದಾರೆ.

ಅವ್ವನಿಗೆ ಮನಸ್ಸಿಲ್ಲ. "ಅವರ ದೇವರ ಬ್ಯಾರೆ, ಊರ ಬ್ಯಾರೆ. ಮಾತ ಬರದಾಕಿ, ಹೊಟ್ಟಿ ಹಸದ್ರ ಯಾರಿಗೆ ಹೇಳ್ತಾಳ?"

ನೆಲಕ್ಕೆ ಕಾಲು ಬಡಿದು ಅಕ್ಕನನ್ನು ಊಟಕ್ಕೆ ಕರೆದೆ. ಮನೆಯಲ್ಲಿ ಆಕೆಯನ್ನು ಕರೆಯುವುದು ಹೀಗೆಯೇ.

ಶನಿವಾರ, 16-11. ಸಂಜೆ 6

5.40ರ ಬಸ್. ಗಂಗಾವತಿಯಲ್ಲಿ ಬದಲಿಸಿ 9.10ಕ್ಕೆ ತಲುಪಿದೆವು. ಸುತ್ತ ಕೊಯ್ಲಿಗೆ ಬಂದ ಭತ್ತ. ಮೇಲ್ವಿಚಾರಕಿ ಲಲಿತಾ ಮೇಡಂ. ಅವರಿಗೆ ಕಿವಿ ಕೇಳುತ್ತದೆ, ಕೈಭಾಷೆಯೂ ಬರುತ್ತದೆ.

"ಅಕ್ಕಗ ಏನೂ ತಿಳಿಯಂಗಿಲ್ರಿ ಮೇಡಂ. ಎಲ್ಲಾ ನಾನ ಹೇಳ್ತೀನಿ."

"ನೀವ ಎರಡ ದಿನ ಸುಮ್ನ ಪೇಪರ್ ಓದ್ಕೊಂತ ಕುಂದರ್ರಿ. ಅಷ್ಟ ಮಾಡಿದ್ರ ಸಾಕು."

ಅಡುಗೆಯ ಹಿರಿಯಾಕೆ ಕನಕಮ್ಮ. ಆಕೆಗೂ ಕಿವಿ ಕೇಳುವುದಿಲ್ಲ. ನನ್ನನ್ನು ನೋಡಿ ಏನೋ ಬೆರಳಾಡಿಸಿದಳು. ಎಲ್ಲರೂ ನಕ್ಕರು. ಮೇಡಂ ತಿಳಿಸಿದರು: "ಇಂವಾ ತಮ್ಮನೋ ಪೊಲೀಸನೋ ಅಂತ ಕೇಳಾಕತ್ತಾಳ."

ಸಂಜೆ 5ಕ್ಕೆ ಫೆಲೋಶಿಪ್, ಅಂದರೆ ಎಲ್ಲರೂ ಸೇರುವ ಪ್ರಾರ್ಥನಾ ಕೂಟ. ಸುತ್ತ ಕುಳಿತು ಹೊಸಬರು ಹೆಸರು ಹೇಳಬೇಕು. ಇಲ್ಲಿ ಒಬ್ಬೊಬ್ಬರಿಗೂ ಕೈಯಲ್ಲಿ ತೋರಿಸುವ ಹೆಸರುಂಟು. ಕನಕಮ್ಮನದು ಕೆನ್ನೆಯ ಕುಳಿಗೆ ಒಂದು ಬೆರಳು. ಅಕ್ಕನ ಸರದಿ ಬಂತು. ಅಂಥ ಹೆಸರು ಆಕೆಗಿಲ್ಲ. ನನ್ನತ್ತ ನೋಡಿದಳು. ಬರೆದು ತೋರಿಸಲು ಪೆನ್ನು ತೆಗೆದೆ. ಬರೆದ ಹೆಸರು ಬೇಡವೆಂದು ಕೈಯಾಡಿಸಿ ಕನಕಮ್ಮ ಅದನ್ನು ಕಿತ್ತುಕೊಂಡಳು. ಅಕ್ಕ ತಲೆ ತಗ್ಗಿಸಿ ಎದ್ದು ಹೋದಳು.

ನಾಳೆ ಮೊದಲ ಬಸ್ಸಿಗೇ ವಾಪಸ್. ಅವ್ವ ಹೇಳಿದ್ದೇ ಸರಿ...

ಭಾನುವಾರ, 17-11. ಮಧ್ಯಾಹ್ನ 3.30

ಹೋಗಲಿಲ್ಲ. ಬೆಳಿಗ್ಗೆ ಕರೆಯಲು ಹೋದರೆ ಅಕ್ಕ ಆಗಲೇ ರೊಟ್ಟಿ ಬಡಿಯುತ್ತಿದ್ದಳು. ನನ್ನ ಚೀಲವನ್ನು ಕಾಲಿನಿಂದ ಬಾಗಿಲತ್ತ ತಳ್ಳಿದಳು. ನೀ ಹೋಗು, ಅಂತ!

9.30ಕ್ಕೆ ಆರಾಧನೆ. ಚರ್ಚಿನೊಳಗೆ ಕಾಲಿಟ್ಟಿದ್ದು ಇದೇ ಮೊದಲು. ಪಾಸ್ಟರ್ ಸುಭಾಷ್ ಹೇಳಿದ್ದನ್ನು ಮೇಡಂ ಕೈಯಲ್ಲಿ ಹೇಳುತ್ತಿದ್ದರು. ಮರದ ಹಲಗೆಯ ವೇದಿಕೆ, ಅದರ ಮೇಲೆ ಡೋಲು. ಹೆಂಗಸರು ಅದೇ ಹಲಗೆಯ ಮೇಲೆ ಬರಿಗಾಲಲ್ಲಿ ನಿಂತು, ಪೆಟ್ಟು ಅಂಗಾಲಿಗೆ ತಾಗಿದ ಹಾಗೆಲ್ಲ ಕೈಯಿಂದ ಹಾಡಿದರು. ಅಕ್ಕನೂ ಹೋಗಿ ನಿಂತಳು. ಕಾಲು ಬಡಿದರೆ ಊಟಕ್ಕೆ ಬರುತ್ತಿದ್ದವಳು, ತಾಳಕ್ಕೆ ತೂಗುತ್ತಿದ್ದಳು.

ಊಟಕ್ಕೆ ಎಪ್ಪತ್ತು ಜನ. ರೊಟ್ಟಿ 164, ಎಣಿಸಿದೆ. ಅರ್ಧಕ್ಕಿಂತ ಹೆಚ್ಚು ಅಕ್ಕನವು. ಬರಿಗೈಯಲ್ಲಿ ಹೆಂಚಿನ ಮೇಲೆ ತಿರುವುತ್ತಾಳೆ, ಕಾದ ಬೆರಳನ್ನು ಕಿವಿಯ ಹಾಲೆಗೆ ಒತ್ತಿ ತಂಪು ಮಾಡಿಕೊಳ್ಳುತ್ತಾಳೆ. ಮೂವತ್ತು ವರ್ಷ ಎದುರಿಗೆ ಕುಳಿತು ಉಂಡ ನಾನು ಗಮನಿಸಿರಲಿಲ್ಲ. ಕನಕಮ್ಮ ಒಂದೇ ದಿನದಲ್ಲಿ ಗಮನಿಸಿದ್ದಳು.

ಊಟವಾದ ಮೇಲೆ ಆಕೆ ಅಕ್ಕನನ್ನು ಎಲ್ಲರ ಮುಂದೆ ನಿಲ್ಲಿಸಿದಳು. ಎರಡು ಬೆರಳಲ್ಲಿ ತನ್ನ ಕಿವಿಯ ಹಾಲೆ ಮುಟ್ಟಿ, ಅಕ್ಕನತ್ತ ತೋರಿಸಿದಳು. ಎಲ್ಲರೂ ಕಿವಿ ಮುಟ್ಟಿದರು. ಅಕ್ಕ ನಿಧಾನಕ್ಕೆ ತನ್ನ ಕಿವಿ ಮುಟ್ಟಿದಳು. ಎದೆ ಮುಟ್ಟಿದಳು. ಇದು ನಾನು, ಅಂತ.

ಕೈಗಳೆಲ್ಲ ಮೇಲೆದ್ದು ಅಲ್ಲಾಡಿದವು. ಇಲ್ಲಿ ಚಪ್ಪಾಳೆ ಹೀಗೆ.

ಆಮೇಲೆ ಅಕ್ಕ ಕೂರಲೇ ಇಲ್ಲ! ನನ್ನನ್ನು ತೋರಿಸಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಬೆರಳು ನೆಕ್ಕಿ ಪೇಪರಿನ ಪುಟ ತಿರುವಿ, ಚಹಾ ಬೇಕೆಂದು ನೆಲ ಒದ್ದಳು. ಪಾಸ್ಟರ್ ಹೊಟ್ಟೆ ಹಿಡಿದು ನಕ್ಕರು.

"ನಿಮಗೂ ಹೆಸರ ಬಿತ್ತ ನೋಡ್ರಿ," ಎಂದರು ಮೇಡಂ. "ಡಿಸೆಂಬರ್ ಎರಡಕ್ಕ ಕೆಲಸಕ್ಕ ಬರ್ಲಿ. ನಿಮ್ಮ ಅವ್ವಾರನ್ನ ಒಪ್ಪಿಸೋದಷ್ಟ ನಿಮ್ಮ ಕೆಲಸ."

ಗುರುವಾರ, 21-11. ಕುಷ್ಟಗಿ

ಭಾನುವಾರ ರಾತ್ರಿಯೇ ಅಕ್ಕನೊಡನೆ ವಾಪಸಾದೆ. ಮೂರು ದಿನ ಬರೆಯಲಿಲ್ಲ. ಅವ್ವ ಒಪ್ಪಲಿಲ್ಲ, ನನ್ನೊಡನೆ ಮಾತೂ ಆಡಲಿಲ್ಲ.

ಇವತ್ತು ಬೆಳಿಗ್ಗೆ ಅವ್ವ ಹಿಟ್ಟು ನಾದುತ್ತ ನೆಲಕ್ಕೆ ಕಾಲು ಬಡಿದಳು. ಅಕ್ಕ ನೋಡಿದಳು. ಏಳಲಿಲ್ಲ. ಮತ್ತೆ ಬಡಿದಳು. ಅಕ್ಕ ತನ್ನ ಕಿವಿ ಮುಟ್ಟಿ, ಕಾಯುತ್ತ ಕುಳಿತಳು.

"ಏನಾತೋ ಇಕಿಗೆ?"

"ಅದು ಆಕಿ ಹೆಸರವ್ವಾ. ಹೆಸರ ಹಿಡದ ಕರಿ, ಬರ್ತಾಳ."

"ಯಮನೂರಮ್ಮ ಅಂತ ನಾನ ಇಟ್ಟೀನಲ್ಲೋ ಹೆಸರಾ!"

"ಅದು ಆಕಿಗೆ ಯಾವಾಗರ ಕೇಳ್ಯದೇನು?"

ಅವ್ವ ನಾದುವುದನ್ನು ನಿಲ್ಲಿಸಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಕಿವಿ ಮುಟ್ಟಿದಳು. ಅಕ್ಕ ಎದ್ದವಳೇ ಓಡಿಬಂದು, ಅವ್ವನ ಕಿವಿಗೆ ಹತ್ತಿದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

ಸಂಜೆ ಅವ್ವನೇ ಕೇಳಿದಳು: "ಎರಡನೇ ತಾರೀಖ ಯಾವ ವಾರೋ?"

"ಸೋಮವಾರ."

"ಅಲ್ಲೆ ಹೊಟ್ಟಿ ಹಸದ್ರ ಹೆಂಗ ಹೇಳ್ತಾರ? ನನಗೂ ತೋರ್ಸು."

"ನನಗ ಬರಂಗಿಲ್ಲವ್ವ. ಆಕಿನ್ನ ಕೇಳು."

ಈಗ 7.15. ಅಕ್ಕ ಬಾಗಿಲಲ್ಲಿ ನಿಂತಿದ್ದಾಳೆ. ಬೆರಳು ನೆಕ್ಕಿ, ಗಾಳಿಯಲ್ಲಿ ಪುಟ ತಿರುವುತ್ತಿದ್ದಾಳೆ. ನನ್ನ ಹೆಸರು. ಊಟಕ್ಕೆ. ಬಂದೆ —